ಹೆಸರಿನ ಪಕ್ಕದ ಬುರುಡೆ

ಪ್ರಿಂಟರಿನಿಂದ ಹೊರಬಂದ ಹಾಳೆ ನೋಡಿ ಪಂಚಶೀಲಾ ಅದನ್ನು ಬೆಳಕಿಗೆ ಹಿಡಿದಳು.

ಅವಳ ಹೆಸರಿನ ಪಕ್ಕದಲ್ಲೊಂದು ತಲೆಬುರುಡೆ!

ಕೊಡೇಕಲ್ಲಿನ ಕಣ್ಣಿನ ಶಿಬಿರದ ಕರಪತ್ರ ಅದು. ಶಿಬಿರದ ಕೆಲಸದಲ್ಲಿ ಪರಿಚಯವಾದ ಶಹಾಪುರದ ಮಾಸ್ತರ ದೇವಿಂದ್ರ ತಾನೇ ಟೈಪ್ ಮಾಡಿ, ಸುರಪುರದ ಅವಳ ಡಿಟಿಪಿ ಅಂಗಡಿಗೆ ಕಳಿಸಿದ್ದ. ಸ್ವಯಂಸೇವಕರ ಪಟ್ಟಿಯಲ್ಲಿ ಐದಾರು ಹೆಸರು. ಬುರುಡೆ ಮಾತ್ರ ಅವಳೊಬ್ಬಳಿಗೆ.

ಫೈಲ್ ಮುಚ್ಚಿ ಮತ್ತೆ ತೆರೆದಳು. ಅಲ್ಲೇ ಇತ್ತು… ಖಾಲಿ ಕಣ್ಣುಗೂಡುಗಳಿಂದ ಅವಳನ್ನೇ ನೋಡುತ್ತ.

ಅಷ್ಟರಲ್ಲಿ ಕರೆಂಟ್ ಹೋಯಿತು. ಹಾಡಹಗಲೇ ಅಂಗಡಿ ಕತ್ತಲಾಯಿತು. ಯುಪಿಎಸ್ ಕೀ… ಕೀ… ಎಂದು ಕೂಗತೊಡಗಿತು. ಪರದೆಯ ಬೆಳಕಿನಲ್ಲಿ ಬುರುಡೆ ಇನ್ನಷ್ಟು ಕಪ್ಪಗೆ ಕಂಡಿತು.

ಹೋದ ವರ್ಷ ಇದೇ ಕಂಪ್ಯೂಟರಿನಲ್ಲಿ ಅವಳು ತನ್ನದೇ ಲಗ್ನಪತ್ರಿಕೆ ಟೈಪ್ ಮಾಡಿದ್ದಳು. ಮದುಮಗ ಹಣಮೇಶ ಅದೇ ವಾರ ಹತ್ತಿಕುಣಿ ಕೆರೆಯಲ್ಲಿ ಮುಳುಗಿ ಸತ್ತ. 'ಆಕಿ ಹೆಸರಿನ ಜೋಡಿ ಹೆಸರು ಬರೆಸಿಕೊಂಡವ ಉಳಿಯಂಗಿಲ್ಲ' ಎಂದು ಓಣಿ ತುಂಬ ಪಿಸುಮಾತು.

ಈಗ ತನ್ನ ಹೆಸರಿನ ಕೆಳಗೇ ದೇವಿಂದ್ರನ ಹೆಸರು!

"ಪ್ರಿಂಟ್ ಆತೇನ್ರಿ?"

ಬಾಗಿಲಲ್ಲಿ ಅವನೇ ನಿಂತಿದ್ದ.

"ಮಂದಿ ಅಂದದ್ದು ಸಾಲದಂತ ನೀವೂ ಹಿಂಗ ಮಾಡಿದ್ರೇನ್ರಿ, ಸರ್?" ಹಾಳೆ ಚಾಚಿದಳು.

ಅವನ ಮುಖ ಬಿಳಿಚಿಕೊಂಡಿತು. "ಅಯ್ಯೋ! ನಾ ಕಣ್ಣಿನ ಚಿತ್ರ ಹಾಕಿದ್ದೆರಿ!"

ಚೀಲದಿಂದ ಲ್ಯಾಪ್‌ಟಾಪ್ ತೆಗೆದು ತೋರಿಸಿದ. ಅದೇ ಫೈಲ್, ಅದೇ ಜಾಗ… ಅಲ್ಲಿ ಅರಳಿದ ಕಣ್ಣೊಂದಿತ್ತು!

ಪಂಚಶೀಲಾಳಿಗೆ ಹೊಳೆಯಿತು. ಅವನು ಬಳಸಿದ ಚಿಹ್ನೆಗಳ ಫಾಂಟ್ ಅವಳ ಕಂಪ್ಯೂಟರಿನಲ್ಲಿ ಇರಲಿಲ್ಲ. ವರ್ಡ್ ತಂತ್ರಾಂಶ ತನಗೆ ಸಿಕ್ಕ ಬೇರೆ ಚಿಹ್ನೆಗಳ ಫಾಂಟ್ ಹಾಕಿತ್ತು. ಒಂದರಲ್ಲಿ ಕಣ್ಣಾಗುವ ಅಕ್ಷರ ಇನ್ನೊಂದರಲ್ಲಿ ಬುರುಡೆ.

'ಅಷ್ಟೇನಾ…' ಆದರೂ ಅವಳು ಪಟ್ಟಿಯನ್ನು ಮತ್ತೊಮ್ಮೆ ನೋಡಿದಳು.

"ನನ್ನ ಹೆಸರಿಗಷ್ಟೇ ಯಾಕ ಕಣ್ಣು ಹಾಕಿದ್ರಿ?"

ಅವನು ತಲೆ ತಗ್ಗಿಸಿದ. "ಟೈಪ್ ಮಾಡುಮುಂದ ನಿಮ್ಮ ಕಣ್ಣು ನೆನಪಾದ್ವು… ಕೈ ತಡೀಲಿಲ್ರಿ."

"ಹಣಮೇಶನ ಸುದ್ದಿ ಗೊತ್ತಿಲ್ಲೇನ್ರಿ ನಿಮಗ? ಮಂದಿ ಏನಂತಾರ ಅಂತ…"

"ಎಲ್ಲಾ ಗೊತ್ತೈತ್ರಿ. ಅದಕ್ಕ ಬೇಕಂತಲೇ ನನ್ನ ಹೆಸರು ನಿಮ್ಮ ಹೆಸರಿನ ಕೆಳಗ ಹಾಕೀನಿ."

"ಅಂಜಿಕಿ ಇಲ್ಲೇನ್ರಿ?"

"ಐತ್ರಿ… ನೀವು ಒಲ್ಲೆ ಅಂದ್ರ ಹೆಂಗ ಅಂತ."

ಅವಳ ಕಣ್ಣು ತುಂಬಿ ಬಂದವು.

"ಶಿಬಿರಕ್ಕ ಹೋಗೋಕಿಂತ ಮೊದಲ ನಮ್ಮನಿಗೆ ಬರ್ರಿ," ಎಂದಳು ಮೆಲ್ಲಗೆ. "ಅವ್ವ ನಿಮ್ಮನ್ನ ನೋಡ್ಲಿ."

"ಏನಂತ ಹೇಳ್ಲಿರಿ ಅವ್ವಗ?"

"ನೀವೇನೂ ಹೇಳಬ್ಯಾಡ್ರಿ… ನಾನೇ ಹೇಳ್ತೀನಿ."