ಎ ಸೆಕ್ಷನ್ ಟೀಚರ್, ಬಿ ಸೆಕ್ಷನ್ ಮೇಷ್ಟ್ರು

ಒಂದನೇ ಕ್ಲಾಸಿನ ಎ ಸೆಕ್ಷನ್ ಟೀಚರಿಗೆ ಪಕ್ಕದ ಬಿ ಸೆಕ್ಷನ್ ಮೇಷ್ಟ್ರನ್ನು ಕಂಡರೆ ಮೈಯುರಿಯುತ್ತಿತ್ತು. ಇಂಗ್ಲಿಷ್ ಓದು ಕಲಿಸಲು ಶಾಲೆ ಎರಡು ಫೋನಿಕ್ಸ್ ಪ್ರೋಗ್ರಾಂ ತರಿಸಿ, ಇಬ್ಬರಿಗೂ ಒಂದೊಂದು ಒಪ್ಪಿಸಿತ್ತು. ಹನ್ನೆರಡು ವಾರ ಪಾಠ, ಆಮೇಲೆ ಪರೀಕ್ಷೆ; ಗೆದ್ದದ್ದು ಇಡೀ ಶಾಲೆಗೆ. ಅವಳ ಮಕ್ಕಳು ಅಕ್ಷರದ ಸದ್ದು ಕಲಿತು, ಸದ್ದಿಗೆ ಸದ್ದು ಕೂಡಿಸಿ ಪದ ಓದುತ್ತಿದ್ದರು. ಅವನ ಮಕ್ಕಳು ಇಡೀ ಪದ ಕಲಿತು, ಆಮೇಲೆ ಅದರೊಳಗಿನ ಸದ್ದು ಹುಡುಕುತ್ತಿದ್ದರು, ಅದೂ ಹಾಡಿ ಕುಣಿದು.

ಗಲಾಟೆ ತಾಳಲಾರದೆ ಒಂದು ದಿನ ಜಗಳಕ್ಕೆಂದೇ ಹೋದಳು. ಅವನು ಮಕ್ಕಳ ನಡುವೆ ನೆಲದ ಮೇಲೆ ಹಾವಿನಂತೆ ತೆವಳುತ್ತ 'ಸ್ಸ್' ಎನ್ನುತ್ತಿದ್ದ. ತಲೆಯೆತ್ತಿ ನಕ್ಕ. ಅವಳು ಬಂದ ಕೆಲಸ ಮರೆತು, ಕೆನ್ನೆ ಬಿಸಿಯಾಗಿ, ಬಂದ ದಾರಿಯಲ್ಲೇ ವಾಪಸಾದಳು.

ಮಕ್ಕಳು ಬಾಯಿಪಾಠ ಒಪ್ಪಿಸದಿರಲೆಂದು ಪರೀಕ್ಷೆಗೆ ಅರ್ಥವಿಲ್ಲದ ಪದಗಳು ಬೇಕಿದ್ದವು. ಅದಕ್ಕೆ ಇಬ್ಬರೂ ಸ್ಟಾಫ್ ರೂಮಿನಲ್ಲಿ ಕೂತರು. ಅವನು ಏನೇನೋ ಪದ ಹೊಸೆದು ಗಂಭೀರವಾಗಿ ಓದುವನು. ಅವಳು ಹಾಜರಿ ಪುಸ್ತಕದ ಮರೆಯಲ್ಲಿ ನಗುವಳು. ಅವನು ಆ ಪುಸ್ತಕ ಕೆಳಗಿಳಿಯುವುದನ್ನೇ ಕಾಯುತ್ತಿದ್ದಾನೆಂದು ಅವಳಿಗೆ ಗೊತ್ತಿತ್ತು. ಅದಕ್ಕೇ ತುಸು ತಡಮಾಡಿ ಇಳಿಸುವಳು.

ಫಲಿತಾಂಶದ ದಿನ ಬಿ ಸೆಕ್ಷನ್ ಅಂಕವೇ ಹೆಚ್ಚು. ಅವನ ಪ್ರೋಗ್ರಾಂಗೆ ಸಹಿ ಹಾಕಲು ಹೆಡ್‌ಮಿಸ್ ಪೆನ್ನು ತೆಗೆದರು. ಅಷ್ಟರಲ್ಲಿ ಅವನು ತಡೆದ. ತನ್ನ ಮಕ್ಕಳಲ್ಲಿ ಅರ್ಧಕ್ಕರ್ಧ ಮೊದಲೇ ಓದು ಬಂದವರು, ಮೊದಲ ದಿನ ಯಾರಿಗೆಷ್ಟು ಓದು ಬರುತ್ತಿತ್ತೆಂಬ ಪಟ್ಟಿಯನ್ನೂ ಪಕ್ಕಕ್ಕಿಟ್ಟು ನೋಡಬೇಕು ಎಂದ. ನೋಡಿದರು. ಎ ಸೆಕ್ಷನ್ ಮಕ್ಕಳು ಬಿ ಸೆಕ್ಷನ್ನಿನವರಿಗಿಂತ ಎರಡು ಪಟ್ಟು ಮುಂದೆ ಬಂದಿದ್ದರು. ಅವಳ ಪ್ರೋಗ್ರಾಂ ಗೆದ್ದಿತು.

ಕಾರಿಡಾರಿನಲ್ಲಿ ಅವಳು ಓಡೋಡಿ ಹೋಗಿ ಅವನನ್ನು ನಿಲ್ಲಿಸಿದಳು.

"ಕೈಗೆ ಬಂದಿದ್ದನ್ನ ಬಿಟ್ಟುಕೊಟ್ರಲ್ಲ, ನನಗೋಸ್ಕರಾನಾ?"

"ಇಲ್ಲ, ಮಕ್ಕಳಿಗೋಸ್ಕರ. ಲೆಕ್ಕ ಉಲ್ಟಾ ಇದ್ದಿದ್ರೂ ಹೇಳ್ತಿದ್ದೆ."

ಹೌದು ಎಂದಿದ್ದರೂ ಅವಳಿಗೆ ಇಷ್ಟು ಖುಷಿಯಾಗುತ್ತಿರಲಿಲ್ಲ. "ಹಾಗಾದ್ರೆ ನನಗೋಸ್ಕರ ಏನೂ ಇಲ್ವಾ?"

ಮೂವತ್ತು ಮಕ್ಕಳೆದುರು ತೆವಳುವವನ ಕಿವಿ ಕೆಂಪಾಯಿತು. "ನಿಮ್ಮ ವಿಧಾನ ಹೇಳಿಕೊಡಿ ಅಂತ ಕೇಳೋಣ ಅಂತಿದ್ದೆ." ಕೈಲಿದ್ದ ಪಟ್ಟಿ ಮಡಚಿದ. "ಅದು ನೆಪ. ನೀವಂದ್ರೆ ನನಗೆ ತುಂಬಾ ಇಷ್ಟ."

ಸ್ವಲ್ಪ ಸತಾಯಿಸಬಹುದಿತ್ತು. ಆದರೆ ಅವಳ ಎದೆ ಕಾಯಲು ತಯಾರಿರಲಿಲ್ಲ.

"ಭಾನುವಾರ ಮನೆಗೆ ಬನ್ನಿ. ನಿಮ್ಮ ವಿಷಯ ಅಮ್ಮನಿಗೆ ಹೇಳಿ ಎರಡು ವಾರ ಆಯ್ತು."

"ಎರಡು ವಾರಾನಾ?" ಎಂದ ಅವನು, ನಂಬಲಾಗದೆ.

ಅವಳು ಅವನ ಕೈ ಹಿಡಿದುಕೊಂಡಳು.