ದಿನವೂ ದ್ವಾದಶಿ

“ಏಕಾದಶಿ ದಿನ ಒಲೆ ಮೇಲೆ ಅನ್ನವೇನೋ ಬದರಿ?”

ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಜಾನಕಮ್ಮನ ಧ್ವನಿಗೆ ಬದರಿನಾಥರ ಕೈಯ ಸೌಟು ನಿಂತಿತು. ತಮ್ಮನ ಮನೆಯಲ್ಲಿ ನಾಲ್ಕು ದಿನ ಇರಲೆಂದು ಮೈಲಾಪುರದಿಂದ ಬಂದಿದ್ದ ಅಕ್ಕ, ಬಂದ ಗಳಿಗೆಯಿಂದ ತಪ್ಪು ಹುಡುಕುವುದನ್ನೇ ಕೆಲಸ ಮಾಡಿಕೊಂಡಿದ್ದರು. ಇವತ್ತಂತೂ ಹುಡುಕುವ ಶ್ರಮವೇ ಇರಲಿಲ್ಲ. ವೇಲಚೇರಿಯ ಆ ಚಿಕ್ಕ ಫ್ಲಾಟಿನ ತುಂಬ ಅಗಸೆ ಸೊಪ್ಪಿನ ಪಲ್ಯದ ವಾಸನೆ. ಏಕಾದಶಿಯ ಉಪವಾಸ ಮುಗಿಸಿ ಮರುದಿನ ದ್ವಾದಶಿಯ ಪಾರಣೆಗೆ ಮಾಡುವ ಪಲ್ಯ ಅದು.

“ಜಯಾಗೆ ಅಕ್ಕಾ.”

“ದೇವರು ಅವಳಿಗೆ ಎಲ್ಲಾ ಮರೆಸಿ ಏಕಾದಶಿ ಒಂದನ್ನ ಬಿಟ್ಟಿದಾನೆ. ಅದನ್ನೂ ನೀನು ಕೆಡಿಸ್ತೀಯಾ? ಒಂದು ದಿನ ಉಣ್ಣದಿದ್ದರೆ ಯಾರೂ ಸಾಯಲ್ಲ.”

“ಹೋದ ಏಕಾದಶಿ ಸಾಯ್ತಿದ್ದಳು” ಎಂದರು ಬದರಿನಾಥರು.

ಸುಳ್ಳಲ್ಲ. ಹೆಂಡತಿ ಜಯಲಕ್ಷ್ಮೀಗೆ ಆಲ್‌ಝೈಮರ್ ಕಾಯಿಲೆ. ಹೆಸರುಗಳು ಹೋದವು, ಮಗಳ ಮುಖ ಹೋಯಿತು, ಬಚ್ಚಲುಮನೆಯ ದಾರಿಯೂ ಹೋಯಿತು. ಎದುರಿಗಿರುವ ಈ ಮನುಷ್ಯ ತನ್ನ ಮನೆಯವರು ಎಂಬುದು ಮಾತ್ರ ಉಳಿದಿತ್ತು. ಜೊತೆಗೆ ಇವತ್ತು ಏಕಾದಶಿ ಎಂಬುದು. ಪಾಪ, ಆಕೆಗೆ ದಿನವೂ ಏಕಾದಶಿಯೇ. ತಟ್ಟೆ ಇಟ್ಟರೆ ಸರಿಸಿಬಿಡುತ್ತಿದ್ದಳು. ಸಕ್ಕರೆ ಕಾಯಿಲೆಯ ಮಾತ್ರೆ ಬೇರೆ ನುಂಗುವವಳು, ಹೊಟ್ಟೆ ಖಾಲಿ ಬಿಡಲೇಬಾರದೆಂದು ಡಾಕ್ಟರು ಗದರಿದ್ದರು. ಅದಕ್ಕೇ ಬದರಿನಾಥರು ದಿನವೂ ಅಗಸೆ ಸೊಪ್ಪು ತಂದು, “ಇವತ್ತು ದ್ವಾದಶಿ ಕಣೆ” ಎಂದು ಹೇಳಿ, ಆಕೆಯ ಎದುರು ಕೂತು ಮೊದಲ ತುತ್ತು ತಾವು ತಿನ್ನುತ್ತಿದ್ದರು. ಗಂಡನ ಪಾರಣೆಯಾಗದೆ ಜಯಲಕ್ಷ್ಮೀ ಎಂದೂ ಉಂಡವಳಲ್ಲ. “ಎನ್ನ ಸಾಮಿ, ದಿನಮುಂ ದ್ವಾದಶಿಯಾ?” ಎಂದು ಸೊಪ್ಪಿನವಳು ತಮಿಳಿನಲ್ಲಿ ಕಿಚಾಯಿಸಿದರೆ ಅವರೂ ನಕ್ಕುಬಿಡುತ್ತಿದ್ದರು.

ಆದರೆ ನಿಜವಾದ ಏಕಾದಶಿ ಬಂದರೆ? ಉಪನಯನವಾದಂದಿನಿಂದ ಆ ದಿನ ಹನಿ ನೀರೂ ಮುಟ್ಟದ ಮನುಷ್ಯ ಅವರು. ಅದನ್ನು ಊರಿಗೆಲ್ಲ ಹೇಳಿಕೊಂಡು ಬೀಗಿದವಳು ಜಯಲಕ್ಷ್ಮೀ. ಹೋದ ಸಲ ತಾವು ಉಪವಾಸವಿದ್ದು ಆಕೆಗಷ್ಟೇ ಬಡಿಸಿದ್ದರು. “ನಿಮ್ಮದಾಗದೆ ನನಗೆ ಹೇಗೆ ಇಳಿಯುತ್ತೆ?” ಎಂದವಳು ಬಾಯಿ ತೆರೆಯಲೇ ಇಲ್ಲ. ಸಂಜೆ ಸಕ್ಕರೆ ಇಳಿದು, ಪ್ರಜ್ಞೆ ತಪ್ಪಿ ನೆಲಕ್ಕೆ ಬಿದ್ದಿದ್ದಳು.

ಇವತ್ತು ಬದರಿನಾಥರು ಎರಡು ತಟ್ಟೆ ಹಾಕಿದರು. ದೇವರ ಕೋಣೆಯ ಕಡೆ ಒಮ್ಮೆ ನೋಡಿದರು. ಪಲ್ಯ ಕಲಸಿದ ಮೊದಲ ತುತ್ತನ್ನು ಹೇಗೋ ಬಾಯಿಗಿಟ್ಟುಕೊಂಡು ನುಂಗಿದರು.

“ನನ್ನದಾಯ್ತು ಜಯಾ. ಈಗ ನೀನು.”

ಆಕೆ ಎಳೆ ಮಗುವಿನ ಹಾಗೆ ತಟ್ಟೆಗೆ ಕೈ ಹಾಕಿದಳು. ಅಷ್ಟರಲ್ಲಿ ಜಾನಕಮ್ಮನಿಗೆ ತಡೆಯಲಾಗಲಿಲ್ಲ.

“ಏಕಾದಶಿ ದಿನ ಅನ್ನ ತಿಂದ್ಯಲ್ಲೋ!”

ಜಯಲಕ್ಷ್ಮೀಯ ಕೈ ನಿಂತಿತು. ಗಂಡನ ಮುಖವನ್ನೂ ಅನ್ನ ಮೆತ್ತಿದ ಬೆರಳುಗಳನ್ನೂ ನೋಡಿದಳು. ನಿಧಾನವಾಗಿ ಸೆರಗು ಹೊದ್ದುಕೊಂಡಳು.

“ನೀವ್ಯಾರು? ನಮ್ಮ ಮನೆಯವರು ಏಕಾದಶಿ ದಿನ ಉಣ್ಣೋರಲ್ಲ. ಎಲ್ಲಿ ಅವರು?”

“ಜಯಾ... ನಾನೇ ಕಣೆ.”

ಆಕೆ ತಟ್ಟೆ ಸರಿಸಿ ಏಳಲು ಹೋದಳು. ಬಾಗಿಲ ಕಡೆ ನೋಡುತ್ತಿದ್ದ ಆ ಕಣ್ಣುಗಳಲ್ಲಿ ಭಯವಿತ್ತು. ಬದರಿನಾಥರಿಗೆ ಅರ್ಥವಾಯಿತು. ತಾವು ಗಂಡನಾಗಿ ಉಳಿಯಬೇಕೆಂದರೆ ಆಕೆ ಉಪವಾಸ ಬೀಳಬೇಕು.

“ಕೂತ್ಕೊಳ್ಳಿ ಅಮ್ಮಾ” ಎಂದರು. “ಏಕಾದಶಿ ನಿನ್ನೆ. ನಿಮ್ಮ ಯಜಮಾನರು ಪಾರಣೆ ಮುಗಿಸಿ ಮಠಕ್ಕೆ ಹೋದರು. ನಿಮಗೆ ಬಡಿಸಕ್ಕೆ ನನಗೆ ಹೇಳಿದಾರೆ.”

“ಅವರದು ಆಯ್ತಾ?” ಆಕೆ ಜಾನಕಮ್ಮನ ಕಡೆ ತಿರುಗಿದಳು. “ಹೌದೇನಮ್ಮಾ?”

ಜಾನಕಮ್ಮ ತಮ್ಮನನ್ನು ನೋಡಿದರು. ಅವನು ತಲೆ ತಗ್ಗಿಸಿ ಕೂತಿದ್ದ. ಮಡಿಯುಟ್ಟು ಸುಳ್ಳಾಡದ ಆ ಹಠಮಾರಿ ಹೆಂಗಸಿನ ಕಣ್ಣು ತುಂಬಿತು.

“ಹೌದಮ್ಮಾ... ಇವತ್ತು ದ್ವಾದಶಿ. ಉಣ್ಣು.”

ಜಯಲಕ್ಷ್ಮೀ ಮತ್ತೆ ಕೂತಳು. ಪಲ್ಯ ಕಲಸಿಕೊಂಡು ಹಸಿದವಳ ಹಾಗೆ ಉಂಡಳು. ಮಜ್ಜಿಗೆ ಅನ್ನಕ್ಕೆ ಬಂದಾಗ ತಲೆಯೆತ್ತಿದಳು.

“ಅವರು ಬರೋ ತನಕ ಇರ್ತೀರಾ?”

“ಇರ್ತೀನಿ ಅಮ್ಮಾ” ಎಂದು ಬದರಿನಾಥರು ಇನ್ನೊಂದಿಷ್ಟು ಅನ್ನ ಬಡಿಸಿದರು.