ಬಹೀಗಾ ತಂದ ನೊರೆಹಾಲು

"ನಮ್ಮ ಮನೇಲಿ ಕರುವೇ ಇಲ್ಲ" ಎಂದು ಬಹೀಗಾ ಬಾಗಿಲಿಗೆ ಅಡ್ಡ ನಿಂತು ಹೇಳುತ್ತಿದ್ದಾಗಲೇ ಒಳಗಿನಿಂದ ಕರು ಕೂಗಿತು. ಅವಳು ಕೂಡಲೇ ಜೋರಾಗಿ ಕೆಮ್ಮಿದಳು. ಕರುವಿನ ಕೂಗನ್ನು ಕೆಮ್ಮಿನಲ್ಲಿ ಮುಚ್ಚಬಹುದೆಂದು ನಂಬಿದ ಹುಡುಗಿಯನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಕೆಮ್ಮು ಜೋರಾಗಿದೆಯಲ್ಲ, ನಿಮಗೇ ಒಂದು ಸೂಜಿ ಹಾಕಲಾ?" ಎಂದೆ.

ಅವಳು ತಲೆವಸ್ತ್ರದ ಅಂಚು ಕಚ್ಚಿ ನಗು ತಡೆದಳು. ಕಣ್ಣುಗಳು ಮಾತ್ರ ನಕ್ಕೇಬಿಟ್ಟವು. ಅಪ್ಪ ಹೊಲದಿಂದ ಬರುವುದರೊಳಗೆ ಚುಚ್ಚಿ ಹೋಗಿ ಡಾಕ್ಟ್ರೇ, ಎಂದು ದಾರಿ ಬಿಟ್ಟಳು.

ನಾನು ಡಾಕ್ಟರಲ್ಲ. ನೈಲ್ ನದಿಯ ಕಾಲುವೆಯ ದಂಡೆಯ ಊರುಗಳಲ್ಲಿ ಬೈಕ್ ಮೇಲೆ ಐಸ್ ಪೆಟ್ಟಿಗೆ ಕಟ್ಟಿಕೊಂಡು ತಿರುಗುವ ಸರ್ಕಾರಿ ಲಸಿಕೆಯವನು, ಹೆಸರು ವಗ್ದಿ. ಗಬ್ಬದ ದನ, ಎಮ್ಮೆಗಳು ದಿನ ತುಂಬುವ ಮೊದಲೇ ಕಂದು ಹಾಕುವ ರೋಗ ಬರದಂತೆ ಹೆಣ್ಣುಗರುಗಳಿಗೆ ಸೂಜಿ ಹಾಕಿ, ಕಿವಿಗೆ ನಂಬರಿನ ಓಲೆ ಹೊಡೆದು, ಹಾಲು ಕಾಯಿಸಿಯೇ ಕುಡಿಯಿರಿ ಎಂದು ಹೇಳಿ ಹೊರಡುವುದು ನನ್ನ ಕೆಲಸ. ಆ ರೋಗ ಹಸಿಹಾಲಿನಿಂದ ಮನುಷ್ಯರಿಗೂ ಬರುತ್ತದೆ. ನನ್ನ ಅಣ್ಣ ಅದರ ಜ್ವರದಲ್ಲಿ ಬೆವತು ಬೆವತು, ಕೊನೆಗೆ ಸೊಂಟ ಬಿದ್ದು ಹಾಸಿಗೆ ಹಿಡಿದವನು. ಹಾಗಾಗಿ ಆ ಮಾತನ್ನು ನಾನು ಸಂಬಳಕ್ಕಾಗಿ ಹೇಳುತ್ತಿರಲಿಲ್ಲ.

ಬಹೀಗಾಳ ಅಪ್ಪ ಹಾಜಿ ಅಬ್ದುಲ್ ಗವಾದ್‌ಗೆ ಆ ಮಾತು ಕೇಳಿದರೇ ಮೈ ಉರಿ. ತನ್ನ ಕೊಟ್ಟಿಗೆಗೆ ರೋಗ ಕಾಲಿಡದು, ಓಲೆ ಹೊಡೆದ ಕರುವಿಗೆ ದೃಷ್ಟಿ ತಾಗುತ್ತದೆ ಎನ್ನುವವನು. ನಾನಾದರೂ ಆ ಚಳಿಗಾಲವೆಲ್ಲ ಓಲೆ ಸಡಿಲಾಗಿದೆಯೇ ನೋಡುವ ನೆಪದಲ್ಲಿ ಅದೇ ಓಣಿಗೆ ಬೈಕ್ ತಿರುಗಿಸಿದೆ.

"ಕರು ಆ ಕಡೆ ಇದೆ ಡಾಕ್ಟ್ರೇ, ನೀವು ಈ ಕಡೆ ನೋಡ್ತಿದ್ದೀರಿ" ಎನ್ನುತ್ತಿದ್ದಳು ಅವಳು. ನಾನು ಆ ಕಡೆ ತಿರುಗಿದರೆ ಮುನಿಸಿಕೊಳ್ಳುತ್ತಿದ್ದಳು.

ಕೊನೆಗೆ ಹೆಣ್ಣು ಕೇಳಿದೆ. ಸರ್ಕಾರಿ ನೌಕರಿಯ ಹುಡುಗ ಎಂಬ ಒಂದೇ ಕಾರಣಕ್ಕೆ ಹಾಜಿ ಅಂತೂ ಒಪ್ಪಿದ. ಕುರಾನಿನ ಫಾತಿಹಾ ಓದಿ ಮದುವೆಯ ಮಾತು ಗಟ್ಟಿ ಮಾಡುವ ದಿನ ಬಂತು. ಆ ಮನೆತನದಲ್ಲಿ ಒಂದು ಪದ್ಧತಿ: ಓದುವ ಮೊದಲು ಅಳಿಯನಾಗುವವನು ಮನೆಯ ಎಮ್ಮೆಯ ನೊರೆಹಾಲನ್ನು, ಕೆಚ್ಚಲಿನ ಬಿಸಿ ಆರುವ ಮುಂಚೆ, ಎಲ್ಲರೆದುರು ಕುಡಿಯಬೇಕು. ಅವರ ಎಮ್ಮೆಯೊಂದು ಆಗಷ್ಟೇ ಕಂದು ಹಾಕಿತ್ತು. ಹಾಜಿ ಅದನ್ನು ಮುಚ್ಚಿಟ್ಟಿದ್ದರೂ ನನಗೆ ಗೊತ್ತಾಗಿತ್ತು.

ಬಹೀಗಾ ಬಟ್ಟಲು ತಂದಳು. ಮೇಲೆ ಬೆಟ್ಟದಂತೆ ನೊರೆ. ನನ್ನನ್ನೇ ನೋಡಿದಳು, ಮೆಲ್ಲಗೆ ರೆಪ್ಪೆ ಮುಚ್ಚಿ ತೆರೆದಳು. ನನಗೋಸ್ಕರ ಕುಡಿದುಬಿಡಿ ಎಂದು ಬೇಡುತ್ತಿದ್ದಾಳೆ ಅಂದುಕೊಂಡೆ. ಕೈ ಚಾಚಿದೆ. ಅಷ್ಟರಲ್ಲಿ ಅಣ್ಣನ ನರಳಾಟ ನೆನಪಾಯಿತು.

"ಒಂದು ಕುದಿ ಬರಿಸಿ ಕೊಡಿ, ಮಾವ."

ಕೋಣೆ ತುಂಬ ಕೂತಿದ್ದ ಗಂಡಸರೆಲ್ಲ ಹಾಜಿಯ ಕಡೆ ತಿರುಗಿದರು.

"ನನ್ನ ಮನೇಲಿ ಕೂತು, ನನ್ನ ಹಾಲಲ್ಲಿ ರೋಗ ಇದೆ ಅಂತೀಯಾ? ಏಳು."

ಎದ್ದೆ. ಫಾತಿಹಾ ಓದಲಿಲ್ಲ.

ಆಮೇಲೆ ಅವಳು ಒಬ್ಬಳೇ ಸಿಕ್ಕಿದ್ದು ಕಾಲುವೆಯ ಕಟ್ಟೆಯಲ್ಲಿ, ಪಾತ್ರೆ ತೊಳೆಯುತ್ತ. ತಲೆ ಎತ್ತಲಿಲ್ಲ.

"ಕಾಯಿಸಿದ್ದೆ. ಅಮ್ಮ ಕದ ಹಾಕ್ಕೊಂಡು ಒಲೆ ಹಚ್ಚಿ ಕೊಟ್ಳು. ಕೆನೆ ತೆಗೆದೆ, ಮೇಲಿಂದ ಹುಯ್ದು ಹುಯ್ದು ನೊರೆ ಎಬ್ಬಿಸ್ದೆ. ಕಣ್ಣಲ್ಲಿ ಹೇಳಿದ್ನಲ್ಲ, ಕುಡೀರಿ, ಏನೂ ಆಗಲ್ಲ ಅಂತ."

ಈಗಲೇ ಹಾಜಿಯ ಕಾಲು ಹಿಡಿದು ಎಲ್ಲ ಹೇಳುತ್ತೇನೆ, ಕುಡಿಯಲು ಇನ್ನೊಂದು ಅವಕಾಶ ಕೇಳುತ್ತೇನೆ ಎಂದೆ.

"ಏನಂತ ಹೇಳ್ತೀರಿ? ಹೆಂಡ್ತಿ ಮಗಳು ಸೇರ್ಕೊಂಡು ನಾಲ್ಕು ಜನರೆದುರು ಅಪ್ಪಂಗೆ ಟೋಪಿ ಹಾಕಿದ್ರು ಅಂತಲಾ? ಅಮ್ಮಂಗೆ ಅವತ್ತೇ ತಲಾಕ್. ಈ ವಯಸ್ಸಲ್ಲಿ ಅವಳು ಎಲ್ಲಿಗೆ ಹೋಗ್ಬೇಕು?"

ನಿಜ ಹೇಳಿದರೆ ಅವಳ ಅಮ್ಮ ಬೀದಿಪಾಲು, ಹೇಳದಿದ್ದರೆ ನಾವಿಬ್ಬರೂ ದೂರ. ಅವಳು ಪಾತ್ರೆಗಳನ್ನು ತಲೆಯ ಮೇಲಿಟ್ಟುಕೊಂಡಳು.

"ಕಾಯಿಸದೇ ಇರೋ ಹಾಲನ್ನ ನಾನು ನಿಮ್ಮ ಕೈಗೆ ಕೊಡ್ತೀನಾ, ವಗ್ದಿ?"

ಅವಳು ನನ್ನನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಅಲ್ಲೇ ಕೂತು ಅತ್ತೆ. ಹಾಜಿಗೆ ಏನೂ ಹೇಳಲಿಲ್ಲ. ಬೇಸಿಗೆಯಲ್ಲಿ ಅವಳನ್ನು ನಮ್ಮಲ್ಲಿನ ವಾಡಿಕೆಯಂತೆ ಕಾಲುವೆಯಾಚೆಯ ಊರಿನ ಚಿಕ್ಕಪ್ಪನ ಮಗನಿಗೆ ಮದುವೆ ಮಾಡಿ ಕೊಟ್ಟರು.

ಮರುವರ್ಷದ ಲಸಿಕೆಯ ಸರದಿಯಲ್ಲಿ ಆ ಊರೂ ನನ್ನ ಪಾಲಿಗೇ ಬಂತು. ಒಂದು ಅಂಗಳದಲ್ಲಿ ಕರುವಿನ ಹಗ್ಗ ಹಿಡಿದು ನಿಂತವಳು ಅವಳೇ. ಪಕ್ಕದಲ್ಲಿ ಗಂಡ, ಒಳ್ಳೆಯವನ ಹಾಗೇ ಕಂಡ. ಅವಳು ಒಮ್ಮೆ ನೋಡಿದಳು, ನಾನೂ ನೋಡಿದೆ. ಸಾಯುವವರೆಗೂ ಇವಳೇ ನನ್ನವಳು ಎನ್ನಿಸಿತು. ಎನ್ನಿಸಿ ಏನು ಪ್ರಯೋಜನ?

ಸಿರಿಂಜ್ ತೆಗೆದೆ. ಲಸಿಕೆಯ ಬಾಟಲಿ ತೆರೆಯುವ ಮುಂಚೆ ಪ್ರತಿ ಮನೆಯಲ್ಲೂ ಹೇಳಲೇಬೇಕಾದ ಮಾತೊಂದಿದೆ. ತಲೆ ಎತ್ತದೆ ಹೇಳಿದೆ: "ಈ ಲಸಿಕೇಲಿ ಜೀವಂತ ರೋಗಾಣು ಇರುತ್ತೆ. ಮನೇಲಿ ಬಸುರಿಯರಿದ್ರೆ ದೂರ ಹೋಗ್ಬೇಕು."

ಬಹೀಗಾ ಹಗ್ಗವನ್ನು ಗಂಡನ ಕೈಗೆ ಕೊಟ್ಟು, ತಲೆವಸ್ತ್ರ ಸರಿಪಡಿಸಿಕೊಂಡು ಒಳಗೆ ನಡೆದಳು.

ಗಂಡ ನಾಚಿ ನಕ್ಕ. "ಮೊದಲ್ನೇದು, ಡಾಕ್ಟ್ರೇ. ಮುಬಾರಕ್ ಅನ್ನಿ."

ಅಂದೆ.